ರೈಲು ಇಳಿಯದ ಹುಡುಗಿ: ಯುದ್ಧವನ್ನೇ ಒಪ್ಪದ ಪಂಥದಿಂದ ಬಂದ ಯುದ್ಧದ ನರ್ಸ್

1863ರ ಜುಲೈ ಮೊದಲ ವಾರ, ಅಮೆರಿಕದ ಬಾಲ್ಟಿಮೋರ್ ರೈಲು ನಿಲ್ದಾಣ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗ್ ಎಂಬ ಊರಲ್ಲಿ ಮೂರು ದಿನ ನಡೆದ ಕಾಳಗ ಆಗಷ್ಟೇ ಮುಗಿದಿತ್ತು. ಗಾಯಾಳುಗಳನ್ನು ನೋಡಿಕೊಳ್ಳಲು ಅಂತ ಫಿಲಡೆಲ್ಫಿಯಾದಿಂದ ಕೆಲವು ಹೆಂಗಸರು ಹೊರಟು ಬಂದಿದ್ದರು. ಸರ್ಕಾರಿ ನರ್ಸ್‌ಗಳ ಮುಖ್ಯಸ್ಥೆ ಡೊರೊಥಿಯಾ ಡಿಕ್ಸ್ ಅವರು ಎಲ್ಲರನ್ನೂ ಒಮ್ಮೆ ನೋಡಿದರು. ಒಬ್ಬಳನ್ನು ಮಾತ್ರ ಬೇಡ ಅಂದರು. ವಯಸ್ಸು ಚಿಕ್ಕದು, ಕೆನ್ನೆ ಬೇರೆ ಕೆಂಪಗಿದೆ. ಜೊತೆಗಿದ್ದವರು ಅವಳ ಪರವಾಗಿ ವಾದ ಮಾಡುತ್ತಾ ನಿಂತಿದ್ದ ಹೊತ್ತಲ್ಲೇ ಆ ಹುಡುಗಿ ಸುಮ್ನೆ ಹೋಗಿ ರೈಲು ಹತ್ತಿ ಕೂತಳು. ರೈಲು ಹೊರಡುವವರೆಗೂ ಸೀಟು ಬಿಟ್ಟು ಏಳಲಿಲ್ಲ.

ಆಕೆಯ ಹೆಸರು ಕಾರ್ನೀಲಿಯಾ ಹ್ಯಾನ್‌ಕಾಕ್. ವಯಸ್ಸು 23. ನ್ಯೂಜೆರ್ಸಿಯ ಹ್ಯಾನ್‌ಕಾಕ್ಸ್ ಬ್ರಿಜ್ ಎಂಬ ಸಣ್ಣ ಊರಿನವಳು. ನರ್ಸ್ ಕೆಲಸದ ಒಂದು ದಿನದ ತರಬೇತಿಯೂ ಇರಲಿಲ್ಲ. ಮನೆತನ ಕ್ವೇಕರ್, ಅಂದರೆ ಯುದ್ಧ ಅನ್ನುವುದೇ ತಪ್ಪು ಅಂತ ನಂಬುವ ಪಂಥ.

ಹಾಗಿದ್ದ ಮೇಲೆ ಈಕೆ ಸೇನೆಯ ಬಿಡಾರದಲ್ಲಿ ಏನು ಮಾಡುತ್ತಿದ್ದಳು? ಸಂಬಳ ಇಲ್ಲ, ನೇಮಕದ ಪತ್ರ ಇಲ್ಲ. ಆದರೂ ಯುದ್ಧ ಮುಗಿಯುವವರೆಗೆ, ಸುಮಾರು ಎರಡು ವರ್ಷ, ಗಾಯಾಳುಗಳ ಮಧ್ಯೆಯೇ ಇದ್ದಳು. ಇದು ಅರ್ಥ ಆಗಬೇಕಾದರೆ ಮೂರು ವಿಷಯ ಬಿಡಿಸಿ ನೋಡಬೇಕು. ಕ್ವೇಕರ್ ಅಂದರೆ ಯಾರು, ಆಗ ನರ್ಸ್ ಅಂದರೆ ಏನು ಕೆಲಸ, ಮತ್ತು ಸೇನೆಯ ವೈದ್ಯ ವ್ಯವಸ್ಥೆ ಎಲ್ಲಿ ತುಂಡಾಗುತ್ತಿತ್ತು. ಮೂರನೆಯದೇ ಮುಖ್ಯ, ಅದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಕ್ವೇಕರ್‌ಗಳು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥ ಇದು. ತಮ್ಮನ್ನು ತಾವು 'ಫ್ರೆಂಡ್ಸ್', ಅಂದರೆ ಸ್ನೇಹಿತರು ಅಂತ ಕರೆದುಕೊಳ್ಳುತ್ತಾರೆ. ಆಗಿನ ಅವರ ಪ್ರಾರ್ಥನಾ ಸಭೆಯಲ್ಲಿ ಪಾದ್ರಿ ಇಲ್ಲ, ಹಾಡು ಇಲ್ಲ. ಎಲ್ಲರೂ ಮೌನವಾಗಿ ಕೂತಿರುತ್ತಾರೆ. ಯಾರಿಗೆ ಒಳಗಿನಿಂದ ಮಾತು ಬಂತೋ ಅವರು ಎದ್ದು ಮಾತಾಡುತ್ತಾರೆ, ಅದು ಗಂಡಸೇ ಆಗಬೇಕು ಅಂತೇನಿಲ್ಲ. ಹೆಂಗಸರು ದೇವರ ಸಭೆಯಲ್ಲಿ ಬಾಯಿ ಬಿಡಬಾರದು ಅಂತ ಉಳಿದ ಬಹುತೇಕ ಕಡೆ ನಿಯಮ ಇದ್ದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಉಡುಪು ಸರಳ, ಮಾತು ನೇರ. ದೊಡ್ಡವರ ಮುಂದೆ ಟೋಪಿ ತೆಗೆಯುವುದಿಲ್ಲ, ಬಿರುದು ಹಿಡಿದು ಕರೆಯುವುದಿಲ್ಲ.

ಅವರಿಗೆ ಎರಡು ವಿಷಯದಲ್ಲಿ ರಾಜಿ ಇರಲಿಲ್ಲ. ಒಂದು, ಆಯುಧ ಹಿಡಿಯುವುದಿಲ್ಲ. ಇದನ್ನು 1660ರ ಹೊತ್ತಿಗೇ ಇಂಗ್ಲೆಂಡಿನ ರಾಜನಿಗೆ ಬರೆದು ತಿಳಿಸಿದ್ದರು. ಎರಡು, ಗುಲಾಮಗಿರಿ ಪಾಪ. ಗುಲಾಮರನ್ನು ಇಟ್ಟುಕೊಂಡವರು ನಮ್ಮ ಪಂಥದಲ್ಲಿ ಇರುವಂತಿಲ್ಲ ಅಂತ ಫಿಲಡೆಲ್ಫಿಯಾದ ಕ್ವೇಕರ್‌ಗಳು 1776ರಲ್ಲೇ ತೀರ್ಮಾನ ಮಾಡಿದ್ದರು. ಈ ಎರಡೂ ನಂಬಿಕೆ ಜಗಳವಿಲ್ಲದೆ ಎಷ್ಟೋ ಕಾಲ ಜೊತೆಗಿದ್ದವು. 1861ರಲ್ಲಿ ಗುಲಾಮಗಿರಿ ಇಟ್ಟುಕೊಂಡ ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿ, ಉತ್ತರದ ರಾಜ್ಯಗಳ ಜೊತೆ ಅಂತರ್ಯುದ್ಧ ಶುರುವಾದಾಗ ಒಂದಕ್ಕೊಂದು ಎದುರು ನಿಂತವು. ಗುಲಾಮಗಿರಿ ಹೋಗಬೇಕಾದರೆ ಯುದ್ಧ ಗೆಲ್ಲಬೇಕು, ಆದರೆ ಯುದ್ಧ ಮಾಡುವಂತಿಲ್ಲ. ಏನು ಮಾಡಬೇಕು ಹೇಳಿ?

ಕೆಲವು ಕ್ವೇಕರ್ ಹುಡುಗರು ಪಂಥದ ಮಾತು ಮೀರಿ ಸೇನೆ ಸೇರಿಯೇಬಿಟ್ಟರು. ಕಡ್ಡಾಯ ಸೇನಾ ಸೇವೆಯ ಕಾನೂನು 1863ರಲ್ಲಿ ಬಂದಾಗ 300 ಡಾಲರ್ ಕಟ್ಟಿ ತಪ್ಪಿಸಿಕೊಳ್ಳುವ ದಾರಿ ಇತ್ತು, ಆದರೆ ಆ ದುಡ್ಡೂ ಯುದ್ಧಕ್ಕೇ ಹೋಗುತ್ತದಲ್ವಾ ಅಂತ ಅದನ್ನೂ ಕಟ್ಟದವರಿದ್ದರು. ಕೊನೆಗೆ 1864ರ ಫೆಬ್ರವರಿಯಲ್ಲಿ ಕಾನೂನು ತಿದ್ದಿದರು. ಧರ್ಮದ ಕಾರಣಕ್ಕೆ ಆಯುಧ ಹಿಡಿಯದವರು ಆಸ್ಪತ್ರೆಯಲ್ಲಿ ದುಡಿಯಬಹುದು, ಬಿಡುಗಡೆಯಾದ ಗುಲಾಮರ ಆರೈಕೆ ಮಾಡಬಹುದು ಅಂತ ಸೇರಿಸಿದರು. ಇದೆಲ್ಲ ಗಂಡಸರ ಮಾತು. ಕಾರ್ನೀಲಿಯಾ ಈ ಎರಡೂ ಕೆಲಸವನ್ನು ಯಾವ ಕಾನೂನೂ ಹೇಳದೆಯೇ, ಆ ತಿದ್ದುಪಡಿ ಬರುವ ಮುಂಚೆಯೇ ಮಾಡುತ್ತಿದ್ದಳು.

ಆಕೆ ಹೊರಟಿದ್ದಕ್ಕೆ ಕೊಟ್ಟ ಕಾರಣ ತುಂಬಾ ಸರಳ. ಒಬ್ಬನೇ ಅಣ್ಣ, ಗೊತ್ತಿದ್ದ ಬಂಧುಗಳು, ಗೆಳೆಯರು ಎಲ್ಲರೂ ಯುದ್ಧಕ್ಕೆ ಹೋಗಿದ್ದಾರೆ, ನಾನೂ ಹೋಗಿ ದೇಶಕ್ಕೆ ಕೆಲಸ ಮಾಡುತ್ತೇನೆ, ಅಷ್ಟೇ. ಅಕ್ಕನ ಗಂಡ ಡಾ. ಹೆನ್ರಿ ಚೈಲ್ಡ್ ಫಿಲಡೆಲ್ಫಿಯಾದಲ್ಲಿ ವೈದ್ಯ. ಅವಕಾಶ ಬಂದರೆ ಹೇಳಿ ಕಳಿಸಿ ಅಂತ ಮೊದಲೇ ಹೇಳಿಟ್ಟಿದ್ದಳು. ಜುಲೈ 5ರ ಬೆಳಿಗ್ಗೆ ಭಾವನ ಗಾಡಿ ಮನೆ ಮುಂದೆ ಬಂದು ನಿಂತಿತು.

ಇನ್ನು ನರ್ಸ್ ಅಂದರೆ ಏನು? ಈಗಿನ ನರ್ಸ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು ಓದಿದರೆ ದಾರಿ ತಪ್ಪುತ್ತದೆ. ಅಮೆರಿಕದಲ್ಲಿ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ತೋರಿಸಿಕೊಟ್ಟ ಮಾದರಿಯ ನರ್ಸಿಂಗ್ ಶಾಲೆಗಳು ಶುರುವಾಗಿದ್ದು 1873ರಲ್ಲಿ, ಯುದ್ಧ ಮುಗಿದು 8 ವರ್ಷದ ಮೇಲೆ. ಯುದ್ಧದ ಕಾಲದಲ್ಲಿ ಸೇನೆಯ ಆಸ್ಪತ್ರೆಗಳ ಬಹುಪಾಲು ಆರೈಕೆ ನಡೆಯುತ್ತಿದ್ದುದು ಅರ್ಧ ಚೇತರಿಸಿಕೊಂಡ ಸೈನಿಕರ ಕೈಯಲ್ಲೇ. ಹೆಂಗಸರ ಉಸ್ತುವಾರಿಗೆ 1861ರಲ್ಲಿ ಡಿಕ್ಸ್ ಅವರನ್ನು ನೇಮಿಸಿದ್ದರು. ಅವರ ನಿಯಮ ಕಟ್ಟುನಿಟ್ಟು. ವಯಸ್ಸು 35ರಿಂದ 50ರೊಳಗೆ ಇರಬೇಕು. ಬಟ್ಟೆ ಕಂದು, ಬೂದು ಅಥವಾ ಕಪ್ಪು. ಒಡವೆ ಇಲ್ಲ, ಗುಂಗುರು ಮಾಡಿದ ಕೂದಲಿಲ್ಲ, ಅಗಲ ಲಂಗ ಇಲ್ಲ. ದಿನಕ್ಕೆ 40 ಸೆಂಟ್ ಸಂಬಳ. ಹುಡುಗಿಯರು ಗಂಡ ಹುಡುಕಲು ಬರುತ್ತಾರೆ ಅನ್ನುವ ಊರ ಮಾತಿಗೆ ಅವಕಾಶ ಕೊಡಬಾರದು ಅನ್ನುವುದು ಇದರ ಹಿಂದಿನ ಯೋಚನೆ. ಡಿಕ್ಸ್ ಅವರನ್ನು ಬರೀ ದೂರಿ ಪ್ರಯೋಜನ ಇಲ್ಲ. ಹೆಂಗಸರು ಸೇನೆಯೊಳಗೆ ಕಾಲಿಡುವುದನ್ನೇ ಅನುಮಾನದಿಂದ ನೋಡುತ್ತಿದ್ದ ವೈದ್ಯರ ನಡುವೆ ಅವರು ಆ ಬಾಗಿಲನ್ನು ತೆರೆದು ಹಿಡಿದಿದ್ದರು. ಆದರೆ ಆ ಬಾಗಿಲಲ್ಲಿ ಕಾರ್ನೀಲಿಯಾಗೆ ಜಾಗ ಇರಲಿಲ್ಲ. ಹಾಗಾಗಿ ಆಕೆ ಯಾವ ಪಟ್ಟಿಯಲ್ಲೂ ಇಲ್ಲದ ಸ್ವಯಂಸೇವಕಿಯಾದಳು.

ಈಗ ಗೆಟ್ಟಿಸ್‌ಬರ್ಗ್. ಸುಮಾರು 2,400 ಜನರ ಊರು. ಜುಲೈ 1ರಿಂದ 3ರವರೆಗೆ ಅಲ್ಲಿ ಉತ್ತರ ಮತ್ತು ದಕ್ಷಿಣದ ಸೇನೆಗಳು ಹೊಡೆದಾಡಿದವು. ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಯಾದವರು ಎಲ್ಲ ಸೇರಿ ಲೆಕ್ಕ 50,000ದ ಹತ್ತಿರ ಬರುತ್ತದೆ. ಸೇನೆಗಳು ಹೊರಟುಹೋದ ಮೇಲೆ ಊರಲ್ಲೂ ಸುತ್ತಲಿನ ಹೊಲ, ಕೊಟ್ಟಿಗೆ, ಚರ್ಚುಗಳಲ್ಲೂ 20,000ಕ್ಕೂ ಹೆಚ್ಚು ಗಾಯಾಳುಗಳು ಉಳಿದರು. ಊರಿನ ಒಬ್ಬೊಬ್ಬರಿಗೆ ಎಂಟು ಗಾಯಾಳುಗಳು, ಕೈಗೂಸುಗಳನ್ನೂ ಲೆಕ್ಕಕ್ಕೆ ಹಿಡಿದು.

ಸೇನೆಯಲ್ಲಿ ವೈದ್ಯ ವ್ಯವಸ್ಥೆಯೇ ಇರಲಿಲ್ಲ ಅಂತಲ್ಲ. ಒಳ್ಳೆಯದೇ ಇತ್ತು. ಉತ್ತರದ ಪೊಟೊಮ್ಯಾಕ್ ಸೇನೆಯ ಮುಖ್ಯ ವೈದ್ಯ ಜೊನಾಥನ್ ಲೆಟರ್‌ಮನ್ 1862ರಲ್ಲಿ ಅದನ್ನು ಹೊಸದಾಗಿ ಕಟ್ಟಿದ್ದರು. ಗುಂಡು ಬಿದ್ದವನಿಗೆ ಕಾಳಗದ ಹತ್ತಿರವೇ ಮೊದಲ ಕಟ್ಟು. ಅಲ್ಲಿಂದ ತರಬೇತಿ ಪಡೆದವರು ನಡೆಸುವ ಆಂಬುಲೆನ್ಸ್ ಗಾಡಿ. ಆಮೇಲೆ ಸ್ವಲ್ಪ ಹಿಂದೆ ಇರುವ ಫೀಲ್ಡ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಕೊನೆಗೆ ರೈಲಲ್ಲೋ ಹಡಗಲ್ಲೋ ದೊಡ್ಡ ಊರಿನ ಆಸ್ಪತ್ರೆಗೆ. ಈಗಲೂ ಸೇನೆಗಳು ಮಾಡುವುದು ಹೆಚ್ಚು ಕಡಿಮೆ ಇದನ್ನೇ.

ಗೆಟ್ಟಿಸ್‌ಬರ್ಗ್‌ನಲ್ಲಿ ಇದರ ಮೊದಲ ಅರ್ಧ ಚೆನ್ನಾಗಿಯೇ ನಡೆಯಿತು. ಗಾಯಾಳುಗಳು ಬೇಗ ವೈದ್ಯರ ಮೇಜು ಸೇರಿದರು. ತುಂಡಾಗಿದ್ದು ಅದರ ಮುಂದೆ. ಕಾಳಗಕ್ಕೆ ಅಡ್ಡಿಯಾಗದಿರಲಿ ಅಂತ ಸಾಮಾನಿನ ಗಾಡಿಗಳನ್ನು ಬಹಳ ಹಿಂದಕ್ಕೆ ಕಳಿಸಿದ್ದರು, ಡೇರೆಗಳೆಲ್ಲ ಅದರಲ್ಲೇ ಹೋಗಿದ್ದವು. ರೈಲು ದಾರಿಯ ಸೇತುವೆಗಳು ಮುರಿದಿದ್ದವು. ಸೋತು ಹಿಂದೆ ಸರಿದ ದಕ್ಷಿಣದ ಸೇನೆಯನ್ನು ಅಟ್ಟಿಕೊಂಡು ಉತ್ತರದ ಸೇನೆ ಹೊರಟಿತು. ಮತ್ತೆ ಕಾಳಗ ಆದರೆ ಬೇಕಾಗುತ್ತದೆ ಅಂತ ಬಹುಪಾಲು ವೈದ್ಯರನ್ನೂ ಕರೆದುಕೊಂಡು ಹೋಯಿತು. ಹಿಂದೆ ಉಳಿದವರು 106 ಜನ ವೈದ್ಯರು. ಅಂದರೆ ಮನುಷ್ಯನನ್ನು ಮೇಜಿನ ಮೇಲೆ ಮಲಗಿಸುವವರೆಗೆ ವ್ಯವಸ್ಥೆ ಇತ್ತು. ಮೇಜಿನಿಂದ ಇಳಿಸಿದ ಮೇಲೆ ಅವನಿಗೆ ನೀರು ಯಾರು ಕೊಡಬೇಕು, ರೊಟ್ಟಿ ಯಾರು ತಿನ್ನಿಸಬೇಕು, ಒದ್ದೆ ನೆಲದಿಂದ ಯಾರು ಎತ್ತಬೇಕು ಅನ್ನುವುದಕ್ಕೆ ಯಾವ ಏರ್ಪಾಡೂ ಇರಲಿಲ್ಲ. ಸ್ವಯಂಸೇವಕರು ಬಂದು ನಿಂತಿದ್ದು ಸರಿಯಾಗಿ ಈ ಜಾಗದಲ್ಲಿ.

ಕಾರ್ನೀಲಿಯಾ ಜುಲೈ 6ರ ಸಂಜೆ ಬಂದಿಳಿದಳು. ಮೊದಲ ರಾತ್ರಿ ಒಂದು ಚರ್ಚಿನಲ್ಲಿ. ಬೆಂಚುಗಳ ಮೇಲೆ ಹಲಗೆ ಹಾಕಿ ಅದರ ಮೇಲೆ ಸಾಲಾಗಿ ನೂರಾರು ಜನರನ್ನು ಮಲಗಿಸಿದ್ದರು. ಏನು ಮಾಡಬೇಕು ಅಂತ ಈಕೆಗೆ ಗೊತ್ತಿಲ್ಲ, ಹೇಳಿಕೊಡುವವರೂ ಇಲ್ಲ. ಕೈಯಲ್ಲಿ ಕಾಗದ, ಪೆನ್ಸಿಲ್ ಹಿಡಿದು ಒಬ್ಬೊಬ್ಬರ ಪಕ್ಕ ಕೂತಳು. ಮನೆಗೆ ಏನು ಬರೆಯಬೇಕು ಹೇಳಿ ಅಂದಳು. ಅಮ್ಮನಿಗೆ, ಹೆಂಡತಿಗೆ, ತಂಗಿಗೆ ಹೋಗುವ ಪತ್ರಗಳು. ಹೇಳುತ್ತಿರುವವನು ಬದುಕುವುದಿಲ್ಲ ಅಂತ ಇಬ್ಬರಿಗೂ ಗೊತ್ತಿದ್ದ ಪತ್ರಗಳೂ ಅದರಲ್ಲಿದ್ದವು. ಇದು ಔಷಧಿ ಅಲ್ಲ, ಚಿಕಿತ್ಸೆಯೂ ಅಲ್ಲ. ಆದರೆ ಆ ರಾತ್ರಿ ಅವರಿಗೆ ಬೇಕಾಗಿದ್ದು ಅದೇ, ಅನ್ನಿಸುತ್ತದೆ ನನಗೆ.

ಮರುದಿನ ಊರಾಚೆ ಕಾಡಿನ ಅಂಚಿನಲ್ಲಿದ್ದ ಸೆಕೆಂಡ್ ಕೋರ್‌ನ (ಕೋರ್ ಅಂದರೆ ಸೇನೆಯ ಒಂದು ದೊಡ್ಡ ಭಾಗ) ಫೀಲ್ಡ್ ಆಸ್ಪತ್ರೆಗೆ ಹೋದಳು. ಆಸ್ಪತ್ರೆ ಅಂದರೆ ಕಟ್ಟಡ ಅಂದುಕೊಳ್ಳಬೇಡಿ. ಮರಗಳು, ಹುಲ್ಲು, ನೆಲದ ಮೇಲೆ ಮಲಗಿದ ಜನ. ಎಲ್ಲಕ್ಕಿಂತ ಮೊದಲು ಮುಖಕ್ಕೆ ಬಡಿದಿದ್ದು ವಾಸನೆ. ಹೂಳದೆ ಬಿದ್ದಿದ್ದ ಹೆಣಗಳು, ಸತ್ತ ಕುದುರೆಗಳು, ಜುಲೈ ತಿಂಗಳ ಬಿಸಿಲು. ಹೆಣಗಳ ನೋಟಕ್ಕಿಂತ ಆ ಗಾಳಿಯೇ ಭಯಂಕರವಾಗಿತ್ತು, ಯುದ್ಧಭೂಮಿಯ ವೈಭವವನ್ನೆಲ್ಲ ಅದು ಕಸಿದುಕೊಂಡಿತ್ತು ಅಂತ ಆಮೇಲೆ ನೆನಪಿಸಿಕೊಂಡಿದ್ದಾಳೆ.

ಮರಗಳ ನಡುವೆ ಒಂದು ಉದ್ದ ಮೇಜು. ಅದೇ ಆಪರೇಷನ್ ಮೇಜು. ಆಕೆ ಹೇಳುವ ಪ್ರಕಾರ ಏಳು ದಿನ ಅದರ ಮೇಲಿನ ರಕ್ತ ಆರಲಿಲ್ಲ. ಪಕ್ಕದಲ್ಲಿ ನಿಂತ ಗಾಡಿಗೆ ಕತ್ತರಿಸಿದ ಕೈಕಾಲು ತುಂಬುತ್ತಿದ್ದರು, ತುಂಬಿದ ಮೇಲೆ ಅದು ಹೋಗುತ್ತಿತ್ತು, ಖಾಲಿಯಾಗಿ ಮತ್ತೆ ಬರುತ್ತಿತ್ತು. ಯಾಕೆ ಇಷ್ಟೊಂದು ಕತ್ತರಿಸುತ್ತಿದ್ದರು? ಆಗ ಬಳಕೆಯಲ್ಲಿದ್ದ ಮಿನಿಯೇ ಗುಂಡು ಮೆತ್ತನೆಯ ಸೀಸದ್ದು. ಮೂಳೆಗೆ ತಾಗಿದ ಕೂಡಲೇ ಚಪ್ಪಟೆಯಾಗಿ ಹರಡುತ್ತಿತ್ತು. ಮೂಳೆ ಮುರಿಯುತ್ತಿರಲಿಲ್ಲ, ಪುಡಿಯಾಗುತ್ತಿತ್ತು. ಜೊತೆಗೆ ಬಟ್ಟೆಯ ಚೂರು, ಕೊಳೆ ಎಲ್ಲ ಒಳಗೆ ಸೇರುತ್ತಿತ್ತು. ಹಾಗೇ ಬಿಟ್ಟರೆ ಕೊಳೆತು ಸಾಯುತ್ತಾನೆ, ಬೇಗ ಕತ್ತರಿಸಿದರೆ ಉಳಿಯಬಹುದು. ವೈದ್ಯರು ಕಟುಕರು ಅನ್ನುವ ಮಾತು ಆಗಲೂ ಇತ್ತು, ಅದು ಪೂರ್ತಿ ನ್ಯಾಯ ಅಲ್ಲ. ಹೆಚ್ಚಿನ ಕಡೆ ಕ್ಲೋರೋಫಾರ್ಮ್ ಅಥವಾ ಈಥರ್ ಕೊಟ್ಟೇ ಕತ್ತರಿಸುತ್ತಿದ್ದರು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಕ್ರಿಮಿಗಳ ವಿಷಯ. ಗಾಯಕ್ಕೆ ಸೋಂಕು ತಗಲದಂತೆ ಶಸ್ತ್ರಚಿಕಿತ್ಸೆ ಮಾಡುವ ಬಗೆಯನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಇಲ್ಲಿ ಒಬ್ಬನನ್ನು ಕೊಯ್ದ ಗರಗಸವನ್ನೇ ಒರೆಸಿ ಇನ್ನೊಬ್ಬನಿಗೆ ಹಿಡಿಯುತ್ತಿದ್ದರು.

ತಲೆಗೆ ಗುಂಡು ಬಿದ್ದವರನ್ನು ಬೇರೆ ಕಡೆ ಮಲಗಿಸಿದ್ದರು. ಬದುಕುವ ಆಸೆ ಇಲ್ಲ, ಕೈ ಹಾಕಿ ಸಮಯ ಕಳೆಯುವುದು ಬೇಡ ಅಂತ. ಆಸೆ ಇರುವವರನ್ನು ಮೊದಲು ನೋಡಬೇಕಾದ ಕಡೆ ಇದು ತಪ್ಪು ಲೆಕ್ಕ ಅಲ್ಲ. ಆದರೆ ಆ ಲೆಕ್ಕದ ಆಚೆ ಬಿದ್ದವರು ಇನ್ನೂ ಉಸಿರಾಡುತ್ತಿದ್ದರು.

ಕಾರ್ನೀಲಿಯಾ ಏನು ಮಾಡಿದಳು ನೋಡಿ. ರೊಟ್ಟಿ ಮತ್ತು ಸಾಮಾನು ತುಂಬಿದ ಗಾಡಿಗಳು ಆಗ ಬರಲು ಶುರುವಾಗಿದ್ದವು. ಯಾರನ್ನೂ ಕೇಳಲಿಲ್ಲ, ಬೇಕಾದಷ್ಟು ತೆಗೆದುಕೊಂಡಳು. ತಟ್ಟೆ ಇಲ್ಲ, ಚಮಚ ಇಲ್ಲ, ಚಾಕು ಇಲ್ಲ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಜೆಲ್ಲಿ ಜಾಡಿ. ಸಿಕ್ಕಿದ ಕಟ್ಟಿಗೆ ಚೂರಲ್ಲಿ ಜೆಲ್ಲಿ ಸವರಿ, ಒಬ್ಬೊಬ್ಬರಿಗೂ ತುಂಡು ಮುರಿದು ಕೊಡುತ್ತಾ ಹೋದಳು. ದಿನಗಟ್ಟಲೆ ಏನೂ ತಿನ್ನದವರಿಗೆ ಅದೇ ಊಟ. ರೋಗಿಗಳಿಗೆ ಕೊಡುವ ಪಥ್ಯ ಇದಲ್ಲ ಅಂತ ಅವಳಿಗೂ ಗೊತ್ತಿತ್ತು, ಆದರೆ ಇದ್ದದ್ದು ಅಷ್ಟೇ. ಆಮೇಲೆ ಡಬ್ಬಿಯ ಗಟ್ಟಿ ಹಾಲು ಬಂತು. ಅದಕ್ಕೆ ನೀರು ಮತ್ತು ವಿಸ್ಕಿಯನ್ನೋ ಬ್ರಾಂದಿಯನ್ನೋ ಬೆರೆಸಿದರೆ 'ಮಿಲ್ಕ್ ಪಂಚ್'. ರಕ್ತ ಹೋಗಿ ಬಿಳಚಿಕೊಂಡವರಿಗೆ ಇದೇ ಟಾನಿಕ್ ಅಂತ ಆಗಿನ ವೈದ್ಯರ ನಂಬಿಕೆ. ಮದ್ಯದಿಂದ ಏನಾಗುತ್ತಿತ್ತೋ, ಹಾಲು ಮತ್ತು ಸಕ್ಕರೆಯಿಂದ ಅವರಿಗೆ ಸ್ವಲ್ಪ ಶಕ್ತಿಯಂತೂ ಬಂದಿರಬೇಕು.

ಬೇಗನೆ ಎಂಟು ಡೇರೆಗಳು ಅವಳ ಪಾಲಿಗೆ ಬಂದವು, ಅವುಗಳ ತುಂಬ ಕೈಕಾಲು ಕಳೆದುಕೊಂಡವರೇ. ಮನೆಗೆ ಬರೆದ ಪತ್ರದಲ್ಲಿ ಒಂದು ಮಾತು ಬರುತ್ತದೆ: ನೋಡಲು ಬೇಸರ ಆಗುತ್ತದೆ, ಆದರೆ ಮನುಷ್ಯ ಎಷ್ಟು ಬೇಗ ಇದಕ್ಕೆಲ್ಲ ಒಗ್ಗಿಕೊಳ್ಳುತ್ತಾನೆ ಅಂತ ನಿಮಗೆ ಗೊತ್ತಿಲ್ಲ. ಓದಿದಾಗ ಮೊದಲು ಮನಸ್ಸಿಗೆ ಕಸಿವಿಸಿ ಆಯಿತು. ಆಮೇಲೆ ಅನ್ನಿಸಿತು, ಒಗ್ಗಿಕೊಳ್ಳದಿದ್ದರೆ ಎರಡನೇ ದಿನವೇ ಊರಿಗೆ ವಾಪಸ್ ಹೋಗುತ್ತಿದ್ದಳು. ಇನ್ನೊಂದು ಪತ್ರದಲ್ಲಿ, ಗಂಡ ಹುಡುಕಲು ಸೇನೆಗೆ ಬಂದಿದ್ದೇನೆ ಅಂತ ಜನ ಅಂದುಕೊಂಡಿರುತ್ತಾರೆ ಅಂತಲೂ ಬರೆದಿದ್ದಾಳೆ. ಆಕೆ ಕೊನೆಯವರೆಗೂ ಮದುವೆಯಾಗಲಿಲ್ಲ.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಗಾಯಾಳು ಸೈನಿಕರೇ ದುಡ್ಡು ಹಾಕಿ ಬೆಳ್ಳಿಯ ಪದಕ ಮಾಡಿಸಿ ಕೊಟ್ಟರು. ಪದಕದ ಮೇಲೆ ಅವಳ ಹೆಸರು, ಥರ್ಡ್ ಡಿವಿಷನ್, ಸೆಕೆಂಡ್ ಕೋರ್‌ನ ಗಾಯಾಳುಗಳು ಕೊಟ್ಟಿದ್ದು ಅಂತ ಬರಹ. ಸರ್ಕಾರದ ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಸಿಕ್ಕ ದಾಖಲೆ ಅದು.

ಇಲ್ಲಿ ಒಂದು ಮಾತು. ಕ್ವೇಕರ್ ನಂಬಿಕೆಗೂ ಈ ಕೆಲಸಕ್ಕೂ ಇರುವ ನಂಟನ್ನು 'ಶಾಂತಿಪ್ರಿಯರು, ಅದಕ್ಕೇ ಸೇವೆ ಮಾಡಿದರು' ಅಂತ ಒಂದೇ ಸಾಲಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಸೈನಿಕ ವಾಸಿಯಾದರೆ ಮತ್ತೆ ಬಂದೂಕು ಹಿಡಿಯುತ್ತಾನೆ. ಅದು ಅವಳಿಗೂ ಗೊತ್ತಿತ್ತು. ದೇಶಕ್ಕಾಗಿ ಹೊರಟೆ ಅಂತ ಆಕೆಯೇ ಹೇಳಿದ್ದಾಳೆ, ಹಾಗಾಗಿ ಆಯುಧ ಬೇಡ ಅನ್ನುವ ಪಂಥದ ಮಾತನ್ನು ಆಕೆ ಅಕ್ಷರಶಃ ಪಾಲಿಸಿದಳು ಅನ್ನಲಾಗದು. ನನಗೆ ಅವಳಲ್ಲಿ ಕ್ವೇಕರ್ ಮನೆ ಕಾಣುವುದು ಬೇರೆ ಕಡೆ. ಅಪ್ಪಣೆಗಾಗಿ ಕಾಯದೆ ರೈಲು ಹತ್ತಿದ್ದರಲ್ಲಿ, ಯಾವ ಅಧಿಕಾರಿಯ ಮುಂದೆಯೂ ಮಾತು ತಡವರಿಸದೇ ಇದ್ದುದರಲ್ಲಿ, ಸಾಯುವವನ ಪಕ್ಕ ಮಾತಿಲ್ಲದೆ ಕೂತಿರಲು ಗೊತ್ತಿದ್ದುದರಲ್ಲಿ. ಹೆಂಗಸರು ಎದ್ದು ಮಾತಾಡುವ ಸಭೆಯನ್ನು ನೋಡಿಕೊಂಡು ಬೆಳೆದವಳಿಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆ ಆಗಿರಲಿಲ್ಲ.

1863ರ ಶರತ್ಕಾಲದಲ್ಲಿ ಆಕೆ ವಾಷಿಂಗ್ಟನ್ನಿನ 'ಕಾಂಟ್ರಾಬ್ಯಾಂಡ್' ಆಸ್ಪತ್ರೆಗೆ ಹೋದಳು. ಈ ಪದ ವಿವರಿಸಬೇಕು. ಕಾಂಟ್ರಾಬ್ಯಾಂಡ್ ಅಂದರೆ ಯುದ್ಧದಲ್ಲಿ ವಶಪಡಿಸಿಕೊಳ್ಳಬಹುದಾದ ಶತ್ರುವಿನ ಸರಕು. 1861ರಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಒಡೆಯರು ವಾಪಸ್ ಕೇಳಿದಾಗ, ಜನರಲ್ ಬೆಂಜಮಿನ್ ಬಟ್ಲರ್ ಈ ಪದ ಹಿಡಿದುಕೊಂಡರು. ಗುಲಾಮರು ಸ್ವತ್ತು ಅಂತ ನೀವೇ ಹೇಳುತ್ತೀರಲ್ಲ, ಹಾಗಿದ್ದರೆ ಯುದ್ಧದಲ್ಲಿ ಸಿಕ್ಕ ಸ್ವತ್ತು, ಕೊಡುವುದಿಲ್ಲ. ಜನರಿಗೆ ಆಸರೆ ಸಿಕ್ಕಿತು, ಹೆಸರು ಮಾತ್ರ ಸರಕಿನದೇ ಉಳಿಯಿತು. ಉಟ್ಟ ಬಟ್ಟೆಯಲ್ಲಿ ನಡೆದು ಬಂದವರು, ಮಕ್ಕಳು, ಮುದುಕರು, ಸಿಡುಬು ಬಂದವರು, ಎಲ್ಲರಿಗೂ ಅದೇ ಆಸ್ಪತ್ರೆ. ಗೆಟ್ಟಿಸ್‌ಬರ್ಗ್‌ಗೆ ಸಾಮಾನು ಹೊತ್ತು ಓಡಿ ಬಂದ ಜನ ಇಲ್ಲಿಗೆ ಬರಲಿಲ್ಲ. ಈಕೆ ಆ ಚಳಿಗಾಲ ಅಲ್ಲೇ ಇದ್ದಳು.

1864ರ ಫೆಬ್ರವರಿಯಲ್ಲಿ ವರ್ಜೀನಿಯಾದ ಬ್ರಾಂಡಿ ಸ್ಟೇಷನ್, ಸೇನೆಯ ಚಳಿಗಾಲದ ಬಿಡಾರ. ಇಲ್ಲಿಂದ ಮುಂದೆ ಆಕೆಯ ಬದುಕು ಸೇನೆಯ ಹಿಂದೆ ಹಿಂದೆಯೇ. ವಸಂತದಲ್ಲಿ ಕಾಳಗ ಶುರುವಾಗುವ ಮುಂಚೆ ಹೆಂಗಸರನ್ನೆಲ್ಲ ಬಿಡಾರದಿಂದ ವಾಪಸ್ ಕಳಿಸಿದರು. ಸ್ವಯಂಸೇವಕಿಯ ಕಷ್ಟ ಇದೇ. ಬೇಕಾದಾಗ ಬಾ, ಬೇಡವಾದಾಗ ಹೋಗು. ಮುಂದಕ್ಕೆ ಹೋಗಲು ಪಾಸ್ ಬೇಕು, ಪಾಸ್ ಸಿಗಲು ಯಾರಾದರೂ ವೈದ್ಯರ ಮಾತು ಬೇಕು. ಮೇ ತಿಂಗಳಲ್ಲಿ ವೈಲ್ಡರ್‌ನೆಸ್ ಕಾಳಗ ಆಯಿತು, ಗಾಯಾಳುಗಳನ್ನು ಫ್ರೆಡೆರಿಕ್ಸ್‌ಬರ್ಗ್‌ಗೆ ಸಾಗಿಸಿದರು. ಸಾವಿರಗಟ್ಟಲೆ ಜನ, ಕುಲುಕುವ ಗಾಡಿಗಳಲ್ಲಿ. ಶತ್ರುವಿನ ಊರು ಅದು, ಊರವರು ಬಾಗಿಲು ತೆರೆಯಲಿಲ್ಲ. ಅಲ್ಲಿಗೆ ಮೊದಲು ತಲುಪಿದ ಉತ್ತರದ ಹೆಂಗಸರಲ್ಲಿ ಕಾರ್ನೀಲಿಯಾ ಒಬ್ಬಳು. ಆಮೇಲೆ ಪೋರ್ಟ್ ರಾಯಲ್, ವೈಟ್ ಹೌಸ್ ಲ್ಯಾಂಡಿಂಗ್, ಕೊನೆಗೆ ಜೇಮ್ಸ್ ನದಿ ದಂಡೆಯ ಸಿಟಿ ಪಾಯಿಂಟ್.

ಸಿಟಿ ಪಾಯಿಂಟ್ ನೋಡಿದರೆ ಒಂದು ವರ್ಷದಲ್ಲಿ ಏನೆಲ್ಲ ಬದಲಾಯಿತು ಅಂತ ಗೊತ್ತಾಗುತ್ತದೆ. ಸುಮಾರು 200 ಎಕರೆಯ ಡೇರೆ ಊರು, 10,000 ರೋಗಿಗಳಿಗೆ ಜಾಗ. ಡೇರೆಗಳ ನಡುವೆ ಬೀದಿಗಳು, ರೋಗಿಗಳ ಪಥ್ಯಕ್ಕೆ ಬೇರೆ ಅಡುಗೆಮನೆ, ಬಟ್ಟೆ ಒಗೆಯುವ ಏರ್ಪಾಡು, ಉಗಿ ಯಂತ್ರದಿಂದ ನದಿ ನೀರು. ಗೆಟ್ಟಿಸ್‌ಬರ್ಗ್‌ನಲ್ಲಿ ಚಮಚವೂ ಇಲ್ಲದೆ ಶುರುಮಾಡಿದವಳು ಇಲ್ಲಿ ತನ್ನದೇ ಅಡುಗೆ ಒಲೆಯ ಮುಂದೆ ನಿಂತಳು. 1865ರ ಏಪ್ರಿಲ್ 8ರಂದು ಅಧ್ಯಕ್ಷ ಲಿಂಕನ್ ಈ ಆಸ್ಪತ್ರೆಗೆ ಬಂದು ಸಾವಿರಾರು ಗಾಯಾಳುಗಳ ಕೈ ಕುಲುಕಿದರು. ಮರುದಿನ ದಕ್ಷಿಣದ ಜನರಲ್ ಲೀ ಶರಣಾದರು. ಮುಂದಿನ ವಾರ ಲಿಂಕನ್ ಇರಲಿಲ್ಲ.

ಯುದ್ಧ ಮುಗಿದರೂ ಆಕೆ ಮನೆಯಲ್ಲಿ ಕೂರಲಿಲ್ಲ. 1866ರಲ್ಲಿ ಸೌತ್ ಕೆರೊಲಿನಾದ ಮೌಂಟ್ ಪ್ಲೆಸೆಂಟ್‌ಗೆ ಹೋಗಿ ಬಿಡುಗಡೆಯಾದ ಗುಲಾಮರ ಮಕ್ಕಳಿಗೆ ಶಾಲೆ ತೆರೆದಳು. ಹಣ ಫಿಲಡೆಲ್ಫಿಯಾದ ಕ್ವೇಕರ್‌ಗಳ ಒಂದು ಸಂಘದ್ದು, ಆ ಸಂಘದ ಖಜಾಂಚಿ ಹೆನ್ರಿ ಲೇಂಗ್ ಅವರ ಹೆಸರನ್ನೇ ಶಾಲೆಗೆ ಇಟ್ಟರು. 1875ರವರೆಗೆ ಅಲ್ಲೇ ಕಲಿಸಿದಳು. 1886ರ ಭೂಕಂಪದಲ್ಲಿ ಕಟ್ಟಡ ಬಿತ್ತು, ಮತ್ತೆ ಕಟ್ಟಿದರು. ಲೇಂಗ್ ಹೆಸರಿನ ಶಾಲೆ ಆ ಊರಲ್ಲಿ ಇವತ್ತಿಗೂ ಇದೆ. ಆಮೇಲೆ ಫಿಲಡೆಲ್ಫಿಯಾ. 1878ರಲ್ಲಿ ಬಡವರ ನೆರವಿನ ಸಂಘ, 1882ರಲ್ಲಿ ಮಕ್ಕಳ ನೆರವಿನ ಸಂಘ, ಎರಡನ್ನೂ ಕಟ್ಟಿದವರಲ್ಲಿ ಆಕೆಯೂ ಇದ್ದಳು. ಗೆಳತಿಯೊಬ್ಬಳ ಜೊತೆ ಸೇರಿ ನಗರದ ಒಂದು ಕೊಳೆಗೇರಿಯ ಮನೆಗಳನ್ನು ವಾಸಕ್ಕೆ ಯೋಗ್ಯ ಮಾಡುವ ಕೆಲಸಕ್ಕೂ ಕೈ ಹಾಕಿದಳು.

ಆಕೆ ತೀರಿಕೊಂಡಿದ್ದು 1927ರ ಡಿಸೆಂಬರ್ 31ರಂದು, 87ನೇ ವಯಸ್ಸಿನಲ್ಲಿ. ಅಮ್ಮನಿಗೂ ಅಕ್ಕನಿಗೂ ಡೇರೆಗಳಿಂದ ಬರೆದ ಪತ್ರಗಳು ಮನೆಯವರ ಹತ್ತಿರ ಉಳಿದಿದ್ದವು. ಹತ್ತು ವರ್ಷದ ಮೇಲೆ, 1937ರಲ್ಲಿ, ಅವು ಅಚ್ಚಾದವು.